ಒಂದನೆಯ ಇಯತ್ತೆಯ ಏಣಿ

ಪ್ರತಿ ವರ್ಷ ಹತ್ತನೆಯ ಇಯತ್ತೆಯ ಪರೀಕ್ಷೆಯ ಫಲಿತಾಂಶವು ಹೊರಬಿದ್ದ ದಿನ ನಾಡಿನಲ್ಲೆಲ್ಲ ವಿದ್ಯೆಯ ಚರ್ಚೆ ನಡೆಯುತ್ತದೆ. ಯಾವ ಜಿಲ್ಲೆ ಮುಂದೆ, ಯಾವುದು ಹಿಂದೆ ಎಂಬ ಪಟ್ಟಿಗಳು ಅಚ್ಚಾಗುತ್ತವೆ. ಹಿಂದೆ ಬಿದ್ದ ಜಿಲ್ಲೆಯ ಅಧಿಕಾರಿಗಳು ಸಮಾಧಾನ ಹೇಳಬೇಕಾಗುತ್ತದೆ. ಶಿಕ್ಷಕರ ಮೇಲೆ ದೋಷಾರೋಪಣೆಯಾಗುತ್ತದೆ. ನಾಲ್ಕು ದಿನ ಕಳೆದ ಮೇಲೆ ಎಲ್ಲವೂ ತಣ್ಣಗಾಗುತ್ತದೆ. ಆದರೆ ಆ ಪರೀಕ್ಷೆಯಲ್ಲಿ ಬಿದ್ದ ಹುಡುಗನು ನಿಜವಾಗಿ ಎಲ್ಲಿ ಬಿದ್ದನು ಎಂದು ಕೇಳುವವರು ವಿರಳ. ಎಷ್ಟೋ ಮಕ್ಕಳ ವಿಷಯದಲ್ಲಿ ಆ ಬೀಳುವಿಕೆಯು ನಡೆದುದು ಒಂಬತ್ತು ವರ್ಷಗಳ ಹಿಂದೆ, ಒಂದನೆಯ ಇಯತ್ತೆಯ ಚಾಪೆಯ ಮೇಲೆ. ಅಲ್ಲಿ ಅಕ್ಷರ ಕೂಡದೆ ಉಳಿದ ಮಗುವು ಎರಡನೆಯ ವರ್ಷ ಪುಸ್ತಕದ ಚಿತ್ರಗಳನ್ನು ನೋಡುತ್ತ ಕುಳಿತಿತು, ಮೂರನೆಯ ವರ್ಷ ನೆರೆಯವನ ಪಾಟಿಯನ್ನು ನಕಲು ಮಾಡಿತು, ಆ ಮೇಲೆ ಮೌನವಾಗಿ ಹಿಂದಿನ ಸಾಲಿಗೆ ಸರಿಯಿತು. ಯಾರ ಲೆಕ್ಕಕ್ಕೂ ಬಾರದ ಈ ನಷ್ಟದ ಕಡೆಗೆ ವಾಚಕರ ಗಮನವನ್ನು ಸೆಳೆಯುವುದು ಇಂದಿನ ನಮ್ಮ ಉದ್ದೇಶವು.

ಆರು ವರ್ಷದ ಮಗುವಿನ ತಲೆಯ ಮೇಲೆ ನಾವು ಹೊರಿಸುವ ಹೊರೆ ಎಷ್ಟೆಂಬುದನ್ನು ಓದುಬಲ್ಲ ದೊಡ್ಡವರು ಮರೆತಿರುತ್ತಾರೆ. ಕನ್ನಡ ವರ್ಣಮಾಲೆಯಲ್ಲಿ ೪೯ ಅಕ್ಷರಗಳು. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ೩೪ ವ್ಯಂಜನಗಳಿಗೆ ೧೩ ಸ್ವರಗಳನ್ನು ಕೂಡಿಸಿದರೆ ೪೪೨ ಗುಣಿತಾಕ್ಷರಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳ ಸೈನ್ಯವೇ ಇದೆ. ಬರೆದಂತೆ ಓದುವುದು, ಓದಿದಂತೆ ಬರೆಯುವುದು ನಮ್ಮ ಲಿಪಿಯ ಹಿರಿಯ ಗುಣವೆಂಬುದರಲ್ಲಿ ಸಂದೇಹವಿಲ್ಲ. ಇಂಗ್ಲೀಷ್ ಕಲಿಯುವ ಮಗುವಿಗೆ ಇಪ್ಪತ್ತಾರೇ ಅಕ್ಷರಗಳಾದರೂ ಕಾಗುಣಿತದ ಪೇಚು ಜೀವಮಾನವಿಡೀ ಬಿಡುವುದಿಲ್ಲ. ಕನ್ನಡದ ಮಗುವಿಗೆ ಆ ಪೇಚು ಇಲ್ಲ. ಆದರೆ ದಾರಿ ನೇರವಾಗಿದ್ದರೂ ಉದ್ದವಾಗಿದೆ. ಕನ್ನಡ ಓದನ್ನು ಕಲಿಯುವ ಮಕ್ಕಳನ್ನು ಪರೀಕ್ಷಿಸಿ ಮನಃಶಾಸ್ತ್ರಜ್ಞೆ ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಸಂಶೋಧನೆಯು ಇದನ್ನೇ ತೋರಿಸಿತು: ನಮ್ಮ ಅಕ್ಷರಗಳೆಲ್ಲ ಮಗುವಿನ ವಶವಾಗುವ ಕೆಲಸವು ಒಂದನೆಯ ವರ್ಷಕ್ಕೆ ಮುಗಿಯುವಂಥದಲ್ಲ, ಮೇಲಿನ ತರಗತಿಗಳವರೆಗೂ ಮುಂದುವರಿಯುತ್ತದೆ. ಹೀಗಿರುವಾಗ ಎಲ್ಲ ಮಕ್ಕಳೂ ಒಂದೇ ತಿಂಗಳಿನಲ್ಲಿ ಒಂದೇ ಪುಟವನ್ನು ಮುಗಿಸಬೇಕೆಂಬ ಕಟ್ಟಳೆಯು ಯಾವ ನ್ಯಾಯಕ್ಕೆ ಹೊಂದುತ್ತದೆ?

ನಮ್ಮ ಹಿಂದಿನ ಐಗಳ ಮಠಗಳು ಈ ಹೊರೆಯನ್ನು ಹೇಗೆ ನಿಭಾಯಿಸುತ್ತಿದ್ದವು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯವು ಉಳಿದಿದೆ. ಮದ್ರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋನು ೧೮೨೨ರಲ್ಲಿ ತನ್ನ ಇಲಾಖೆಯ ಕಲೆಕ್ಟರರಿಂದ ದೇಶೀಯ ಶಾಲೆಗಳ ಲೆಕ್ಕ ತರಿಸಿದನು. ಬಳ್ಳಾರಿಯ ಕಲೆಕ್ಟರನಾದ ಕ್ಯಾಂಪ್‌ಬೆಲ್ಲನು ೧೮೨೩ರಲ್ಲಿ ಕಳಿಸಿದ ವರದಿಯ ಪ್ರಕಾರ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಶಾಲೆಗಳ ಪೈಕಿ ೨೩೫ ಕನ್ನಡದವು, ೨೨೬ ತೆಲುಗಿನವು. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಮುಂದೆ ಹೋದ ಹುಡುಗನು ಹಿಂದಿನವನಿಗೆ ಕಲಿಸುತ್ತಿದ್ದನು. ಕಲಿಸುತ್ತ ತನ್ನ ಕಲಿಕೆಯನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದನು. ಈ ಮಿತವ್ಯಯದ ಪದ್ಧತಿಯನ್ನು ಕ್ಯಾಂಪ್‌ಬೆಲ್ಲನು ಮನಸಾರೆ ಮೆಚ್ಚಿ, ಇಂಗ್ಲಂಡವು ಇದನ್ನು ಅನುಕರಿಸಿದುದು ಯೋಗ್ಯವೇ ಎಂದು ಬರೆದನು. ಇದು ಬರಿಯ ಉಪಚಾರದ ಮಾತಾಗಿರಲಿಲ್ಲ. ಮದ್ರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ಲನು ಇಲ್ಲಿಯ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು, ಹುಡುಗರಿಂದ ಹುಡುಗರಿಗೆ ಪಾಠ ಹೇಳಿಸಿ, ಆ ಅನುಭವವನ್ನು ೧೭೯೭ರಲ್ಲಿ ಲಂಡನ್ನಿನಲ್ಲಿ ಅಚ್ಚು ಮಾಡಿಸಿದನು. ಅಲ್ಲಿ ಅದಕ್ಕೆ 'ಮದ್ರಾಸು ಪದ್ಧತಿ' ಎಂದೇ ಹೆಸರಾಯಿತು.

ಹಿಂದಿನದೆಲ್ಲ ಚಿನ್ನವೆಂದು ಹೇಳುವುದು ನಮ್ಮ ಅಭಿಪ್ರಾಯವಲ್ಲ. ಅದೇ ಕ್ಯಾಂಪ್‌ಬೆಲ್ಲನು ಆ ಶಾಲೆಗಳ ಕುಂದನ್ನೂ ಮುಚ್ಚಿಡಲಿಲ್ಲ. ಅರ್ಥ ತಿಳಿಯದ ಪದ್ಯಗಳನ್ನು ಮಕ್ಕಳು ಗಿಳಿಗಳಂತೆ ಒಪ್ಪಿಸುತ್ತಿದ್ದರು. ಬಾಯಿ ತುಂಬುತ್ತಿತ್ತು, ಬುದ್ಧಿ ಬರಿದಾಗಿರುತ್ತಿತ್ತು. ಸುಮಾರು ಒಂಬತ್ತೂಕಾಲು ಲಕ್ಷ ಜನಸಂಖ್ಯೆಯ ಜಿಲ್ಲೆಯಲ್ಲಿ ಓದುತ್ತಿದ್ದವರು ನೂರಕ್ಕೆ ಒಬ್ಬರೂ ಅಲ್ಲ. ಹೆಣ್ಣುಮಕ್ಕಳು ಬಹುಮಟ್ಟಿಗೆ ಹೊರಗೇ ಉಳಿದಿದ್ದರು. ಹಿಂದಿನ ಪದ್ಧತಿಯಲ್ಲಿ ಉಳಿಸಿಕೊಳ್ಳಲು ಯೋಗ್ಯವಾಗಿದ್ದುದು ಒಂದೇ: ಪ್ರತಿಯೊಂದು ಮಗುವೂ ತನ್ನ ಹೆಜ್ಜೆಯಲ್ಲಿ ನಡೆಯುತ್ತಿತ್ತು, ಒಂದರ ಕೈಯನ್ನು ಇನ್ನೊಂದು ಹಿಡಿಯುತ್ತಿತ್ತು. ಬಿಡಬೇಕಾದುದು ಅರ್ಥವಿಲ್ಲದ ಬಾಯಿಪಾಠ ಮತ್ತು ಕೆಲವರಿಗೇ ತೆರೆದ ಬಾಗಿಲು. ದುರ್ದೈವದಿಂದ ಆ ಮೇಲೆ ಬಂದ ಗಂಟೆ ಬಾರಿಸುವ ಶಾಲೆಯು ಬಾಗಿಲನ್ನು ಮೆಲ್ಲಮೆಲ್ಲನೆ ತೆರೆಯಿತಾದರೂ ಬಾಯಿಪಾಠವನ್ನು ಉಳಿಸಿಕೊಂಡು, ಮಗುವಿನ ಹೆಜ್ಜೆಯನ್ನು ಕಳೆದುಬಿಟ್ಟಿತು. ಒಂದು ವಯಸ್ಸು, ಒಂದು ಕೋಣೆ, ಒಂದು ಪುಸ್ತಕ, ಒಂದು ಪುಟ. ಶಿಕ್ಷಕನು ಹಲಗೆಯ ಮೇಲೆ ಬರೆಯುತ್ತಾನೆ, ನಲವತ್ತು ಕಂಠಗಳು ಒಟ್ಟಿಗೆ ಕೂಗುತ್ತವೆ. ಆ ಕೂಗಿನಲ್ಲಿ ಬಲ್ಲವನ ದನಿ ಯಾವುದು, ಬಾರದವನ ದನಿ ಯಾವುದು ಎಂದು ದೇವರೇ ಬಲ್ಲ.

ಈ ಕೂಗನ್ನು ಮುರಿಯುವ ಒಂದು ದೊಡ್ಡ ಪ್ರಯತ್ನವು ನಮ್ಮ ನಾಡಿನಲ್ಲಿಯೇ ನಡೆದಿದೆ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರೀ ಶಾಲೆಗಳಲ್ಲಿ 'ನಲಿ-ಕಲಿ' ಎಂಬ ಹೆಸರಿನಿಂದ ಅದು ಆರಂಭವಾಯಿತು. ಕಬಿನಿಯ ದಡದ, ಕಾಡಿನ ಅಂಚಿನ ತಾಲೂಕು ಅದು. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಸಣ್ಣ ಶಾಲೆಗಳು, ಕೂಲಿಗೆ ಹೋಗುವ ತಾಯಿತಂದೆಗಳು, ನಾಲ್ಕು ದಿನ ಬಂದರೆ ಎರಡು ದಿನ ಬಾರದ ಮಕ್ಕಳು. ಅಲ್ಲಿಯ ಶಿಕ್ಷಕರು ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಗೆ ಹೋಗಿ, ಸುತ್ತಲಿನ ಹಳ್ಳಿಗಳ ಬಡಮಕ್ಕಳಿಗಾಗಿ ಪದ್ಮನಾಭರಾವ್ ಮತ್ತು ರಮಾ ದಂಪತಿಗಳು ರೂಪಿಸಿದ್ದ ಕಾರ್ಡುಗಳ ಪದ್ಧತಿಯನ್ನು ಕಣ್ಣಾರೆ ಕಂಡು ಬಂದರು. ಮರಳಿ ಬಂದು ತಮ್ಮ ಕನ್ನಡಕ್ಕೆ, ತಮ್ಮ ಮಕ್ಕಳಿಗೆ ಒಪ್ಪುವಂತೆ ಅದನ್ನು ತಾವೇ ಕುಳಿತು ಕಟ್ಟಿದರು. ಯುನಿಸೆಫ್ ಸಂಸ್ಥೆಯ ನೆರವು ದೊರೆಯಿತು. ೨೦೦೯-೧೦ರಲ್ಲಿ ಸರಕಾರವು ಅದನ್ನು ರಾಜ್ಯದ ಸರಕಾರೀ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಿತು. ಮೇಲಿನಿಂದ ಇಳಿದ ಆಜ್ಞೆಯಿಂದಲ್ಲ, ಕೆಳಗಿನ ಶಿಕ್ಷಕರ ಕೈಕೆಲಸದಿಂದ ಹುಟ್ಟಿತು ಎಂಬುದೇ ಈ ಪದ್ಧತಿಯ ಹೆಚ್ಚಳವು.

ನಲಿ-ಕಲಿಯ ಕೋಣೆಯನ್ನು ನೋಡದ ವಾಚಕರಿಗಾಗಿ ಅದರ ನಡವಳಿಕೆಯನ್ನು ಸ್ವಲ್ಪ ವಿವರಿಸುತ್ತೇವೆ. ಒಂದರಿಂದ ಮೂರನೆಯ ಇಯತ್ತೆಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಬಂದ ಮಗುವು ತನ್ನ ಹಾಜರಿಯನ್ನು ತಾನೇ ಗುರುತಿಸುತ್ತದೆ. ಹೊರಗೆ ಮೋಡವಿದೆಯೋ ಬಿಸಿಲಿದೆಯೋ ನೋಡಿ ಹವಾಮಾನದ ಪಟ್ಟಿಯನ್ನು ತುಂಬುತ್ತದೆ. ಗೋಡೆಯ ಮೇಲೆ ಕಲಿಕೆಯ ಏಣಿ ತೂಗುತ್ತಿರುತ್ತದೆ. ಅದರ ಒಂದೊಂದು ಮೆಟ್ಟಿಲಿಗೂ ಒಂದೊಂದು ಚಿತ್ರದ ಗುರುತು. ಅದೇ ಗುರುತಿನ ಕಾರ್ಡನ್ನು ಮಗುವು ತಟ್ಟೆಯಿಂದ ಹುಡುಕಿ ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂಡುತ್ತದೆ. ಹೊಸ ಪಾಠವಾದರೆ ಶಿಕ್ಷಕರ ಪೂರ್ಣ ಸಹಾಯದ ಗುಂಪು, ಸ್ವಲ್ಪ ತಿಳಿದಿದ್ದರೆ ಅರ್ಧ ಸಹಾಯದ ಗುಂಪು, ಅಭ್ಯಾಸಕ್ಕೆ ಗೆಳೆಯರ ಗುಂಪು, ಗಟ್ಟಿಯಾದ ಮೇಲೆ ತನ್ನಷ್ಟಕ್ಕೆ ತಾನೇ ಕಲಿಯುವ ಗುಂಪು, ಕೊನೆಗೆ ಮೌಲ್ಯಮಾಪನ. ಗೋಡೆಯ ಕೆಳಭಾಗದಲ್ಲಿ, ಮಗುವಿನ ಕೈಗೆ ಎಟಕುವಂತೆ, ಕರಿಹಲಗೆಯಿರುತ್ತದೆ. ಮೇಲೆ ಕಟ್ಟಿದ ಚಪ್ಪರದಲ್ಲಿ ಮಕ್ಕಳೇ ಬರೆದ ಚಿತ್ರಗಳು ತೂಗುತ್ತಿರುತ್ತವೆ. ಎಂಟು ದಿನ ಜ್ವರದಿಂದ ಮಲಗಿದ್ದ ಮಗುವು ತಿರುಗಿ ಬಂದಾಗ ವರ್ಗವು ಅದನ್ನು ಬಿಟ್ಟು ಹೋಗಿರುವುದಿಲ್ಲ. ಅದು ನಿಂತಿದ್ದ ಮೆಟ್ಟಿಲು ಅಲ್ಲಿಯೇ ಅದರ ದಾರಿ ಕಾಯುತ್ತಿರುತ್ತದೆ.

ಅಕ್ಷರಗಳ ಕ್ರಮವೂ ವಿಚಾರಪೂರ್ಣವಾಗಿದೆ. ಅ, ಆ, ಇ, ಈ ಎಂಬ ಶಾಸ್ತ್ರದ ಕ್ರಮವು ವ್ಯಾಕರಣಕ್ಕೆ ಭೂಷಣ. ಆದರೆ ಆ ಸಾಲನ್ನೆಲ್ಲ ಕಲಿತರೂ ಮಗುವಿಗೆ ಓದಲು ಶಬ್ದಗಳೇ ಸಿಕ್ಕುವುದಿಲ್ಲ. ನಲಿ-ಕಲಿಯಲ್ಲಿ ಮಗುವು ಮೊದಲು ಕಾಣುವುದು ರ, ಗ, ಸ, ದ, ಅ ಎಂಬ ಐದನ್ನು. ಐದೂ ದುಂಡನೆಯ ತಿರುವಿನವು, ಕೈಗೆ ಸುಲಭವಾದವು. ಈ ಐದೇ ಅಕ್ಷರಗಳಿಂದ ಸರ, ದರ, ರಸ, ಅರಸ, ಅಗಸ ಎಂದು ಮಗುವು ಓದಬಲ್ಲದು. ಮುಂದಿನ ಗುಂಪಿನಲ್ಲಿ ಜ, ವ, ಮ, ಬ, ನ ಬಂದೊಡನೆ ಮರ, ವನ, ಜನ, ನಗರ ಎಲ್ಲವೂ ಕೈಗೆ ಬರುತ್ತವೆ. ಒಂದು ಕಾಗುಣಿತದ ಗುರುತೂ ಬಾರದ ಮಗುವು ಅರಸನಿಂದ ಅಗಸನವರೆಗೆ ಓದಿತೆಂದರೆ ಅದರ ಮುಖದಲ್ಲಿ ಮೂಡುವ ಕಳೆಯನ್ನು ನೋಡಬೇಕು! ಅಕ್ಷರಗಳು ಕೂಗಲಿಕ್ಕಲ್ಲ, ಅರ್ಥವನ್ನು ತೆಗೆಯಲಿಕ್ಕೆ ಇರುವವು ಎಂದು ಆ ಕ್ಷಣದಲ್ಲಿ ಅದಕ್ಕೆ ತಿಳಿಯುತ್ತದೆ. ಗಣಿತದಲ್ಲಿಯೂ ಇದೇ ನ್ಯಾಯ. ಹತ್ತು ಕಡ್ಡಿಗಳನ್ನು ತಾನೇ ಎಣಿಸಿ, ತಾನೇ ಕಟ್ಟು ಕಟ್ಟಿದ ಮಗುವಿಗೆ ದಶಕವೆಂದರೇನೆಂಬುದನ್ನು ವ್ಯಾಖ್ಯಾನ ಮಾಡಿ ಹೇಳಬೇಕಾಗಿಲ್ಲ. ಹುಣಸೆಬೀಜವನ್ನು ಹಂಚಿ ಆಡಿದ ಮಗುವು ಭಾಗಾಕಾರದ ಅರ್ಧವನ್ನು ಅದರ ಹೆಸರು ಕೇಳುವ ಮೊದಲೇ ಕಲಿತಿರುತ್ತದೆ.

ಈ ಪದ್ಧತಿಯ ಅವಶ್ಯಕತೆಯು ಬರಿಯ ತತ್ತ್ವದ ಮಾತಲ್ಲ. ಅದು ಲೆಕ್ಕದ ಮಾತು. ೨೦೦೯ರ ಶಿಕ್ಷಣ ಹಕ್ಕಿನ ಶಾಸನವು ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಅದರ ಪರಿಶಿಷ್ಟದ ಪ್ರಕಾರ ಒಂದರಿಂದ ಐದನೆಯ ಇಯತ್ತೆಯವರೆಗಿನ ಶಾಲೆಯಲ್ಲಿ ೬೦ ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಐದು ಇಯತ್ತೆಗಳು, ಇಬ್ಬರು ಶಿಕ್ಷಕರು! ಶಾಸನವು ಅಕ್ಷರಶಃ ಪಾಲನೆಯಾದಾಗಲೂ ಒಬ್ಬ ಶಿಕ್ಷಕನ ಮುಂದೆ ಎರಡು ಮೂರು ಇಯತ್ತೆಗಳು ಕೂಡಲೇಬೇಕು. ಅವನು ಒಂದು ಇಯತ್ತೆಗೆ ಪುಸ್ತಕ ಹಿಡಿದು ಪಾಠ ಹೇಳುವಾಗ ಉಳಿದ ಮಕ್ಕಳು ಏನು ಮಾಡಬೇಕು? ಹಳೆಯ ಉತ್ತರವು 'ಕೈ ಕಟ್ಟಿ ಕೂಡ್ರಿ' ಎಂಬುದು. ನಲಿ-ಕಲಿಯು ಕೊಟ್ಟ ಉತ್ತರವು 'ನಿಮ್ಮ ಕಾರ್ಡನ್ನು ತೆಗೆದುಕೊಳ್ಳಿರಿ' ಎಂಬುದು. ಹಳ್ಳಿಯ ಸಣ್ಣ ಶಾಲೆಗಳಿರುವವರೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಯಾರಾದರೂ ಕೊಟ್ಟುದು ನಮ್ಮ ನೋಟಕ್ಕೆ ಬಂದಿಲ್ಲ.

ಕೊರೋನಾ ರೋಗದ ವರ್ಷಗಳು ಈ ಮಾತಿಗೆ ಕಠಿಣವಾದ ಸಾಕ್ಷ್ಯವನ್ನು ಒದಗಿಸಿದವು. ೨೦೨೦ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳ ಬಾಗಿಲು ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ಇಯತ್ತೆಯ ಮಕ್ಕಳಿಗೆ ತೆರೆದುದು ೨೦೨೧ರ ಅಕ್ಟೋಬರ್ ೨೫ರಂದು. ೨೦೨೦ರ ಜೂನಿನಲ್ಲಿ ಒಂದನೆಯ ಇಯತ್ತೆಗೆ ಹೆಸರು ಹಚ್ಚಿದ ಮಗುವು ಹೀಗೆ ಶಾಲೆಯ ಕೋಣೆಯನ್ನು ಮೊದಲು ಕಂಡುದು ಎರಡನೆಯ ಇಯತ್ತೆಯ ವಿದ್ಯಾರ್ಥಿಯೆಂದು. ಅದರ ಕೈಗೆ ಎರಡನೆಯ ಇಯತ್ತೆಯ ಪುಸ್ತಕವನ್ನು ಕೊಟ್ಟು 'ಮೊದಲನೆಯ ಪುಟ ತೆರೆ' ಎನ್ನುವುದು ಈಜು ಬಾರದವನನ್ನು ನಡುಹೊಳೆಯಲ್ಲಿ ಇಳಿಸಿದಂತೆ. ಏಣಿಯಲ್ಲಿ ಮೊದಲನೆಯ ಮೆಟ್ಟಿಲನ್ನು ತೋರಿಸುವುದೊಂದೇ ದಾರಿ. ವಿದ್ಯಾಖಾತೆಯು ೨೦೨೨-೨೩ರಲ್ಲಿ 'ಕಲಿಕಾ ಚೇತರಿಕೆ' ಎಂಬ ಕಾರ್ಯಕ್ರಮವನ್ನು ಕೈಕೊಂಡು, ಇಯತ್ತೆ ಯಾವುದೆಂಬುದಕ್ಕಿಂತ ಮಗುವಿಗೆ ಏನು ಬರುತ್ತದೆಂಬುದನ್ನು ಮೊದಲು ನೋಡಬೇಕೆಂಬ ತತ್ತ್ವವನ್ನು ಮೇಲಿನ ತರಗತಿಗಳಿಗೂ ಒಪ್ಪಿಕೊಂಡಿತು. ರೋಗವು ಕಲಿಸಿದ ಈ ಪಾಠವನ್ನು ಆರೋಗ್ಯದ ದಿನಗಳಲ್ಲಿ ಮರೆಯಲಾಗದು.

ಇನ್ನು ಆಕ್ಷೇಪಣೆಗಳ ವಿಚಾರ. ಪಾಲಕರು ಹೇಳುವುದು ಹೀಗೆ: 'ಮಕ್ಕಳು ದಿನವಿಡೀ ಆಡುತ್ತಾರೆ, ಹಾಡುತ್ತಾರೆ, ಪುಸ್ತಕವಿಲ್ಲ, ಮನೆಪಾಠವಿಲ್ಲ, ಪಕ್ಕದ ಇಂಗ್ಲೀಷ್ ಶಾಲೆಯ ಮಗುವು ಹೊರಲಾರದಷ್ಟು ಚೀಲ ಹೊತ್ತು ಹೋಗುತ್ತದೆ.' ಚೀಲದ ತೂಕವನ್ನು ವಿದ್ಯೆಯ ತೂಕವೆಂದು ತಿಳಿಯುವ ಈ ಭ್ರಮೆಗೆ ಪಾಲಕರನ್ನು ಹಳಿದು ಫಲವಿಲ್ಲ. ತಮ್ಮ ಮಗುವು ಓದುವುದನ್ನು ಅವರು ಕಿವಿಯಾರೆ ಕೇಳಿದ ದಿನ ಅದು ತಾನಾಗಿ ಹೋಗುತ್ತದೆ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರಕಾರವು ಕಡ್ಡಾಯ ಮಾಡಲಾಗದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೪ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ೨೦೧೯-೨೦ರಲ್ಲಿ ನಮ್ಮ ಸರಕಾರವೇ ಒಂದು ಸಾವಿರ ಸರಕಾರೀ ಶಾಲೆಗಳಲ್ಲಿ ಇಂಗ್ಲೀಷ್ ಮಾಧ್ಯಮದ ವರ್ಗಗಳನ್ನು ತೆರೆಯಿತು. ಕಾಯಿದೆಯ ಕೋಟೆಯು ಕನ್ನಡ ಶಾಲೆಯನ್ನು ಇನ್ನು ಕಾಯಲಾರದು. ಅದನ್ನು ಕಾಯಬಲ್ಲುದು ಒಂದೇ: ಅಲ್ಲಿಗೆ ಬಂದ ಮಗುವು ಮೂರನೆಯ ಇಯತ್ತೆ ದಾಟುವುದರೊಳಗೆ ತಡವರಿಸದೆ ಓದುವುದು, ತಪ್ಪಿಲ್ಲದೆ ಎಣಿಸುವುದು. ಭಾಷಾಭಿಮಾನದ ಭಾಷಣಗಳು ನೂರಾದರೂ ಓದಲು ಬಾರದ ಒಂದು ಮಗುವಿನ ಮುಂದೆ ಅವು ನಿಲ್ಲಲಾರವು.

ಎರಡನೆಯ ಆಕ್ಷೇಪಣೆಯು ಹೆಚ್ಚು ತೂಕದ್ದು. ಪ್ರತಿ ಮಗುವೂ ತನ್ನ ವೇಗದಿಂದ ನಡೆಯಲಿ ಎಂಬ ಮಾತಿನ ಮರೆಯಲ್ಲಿ ನಡೆಯದ ಮಗುವನ್ನು ನಿಂತಲ್ಲಿಯೇ ಬಿಟ್ಟುಬಿಡುವ ಅಪಾಯವಿದೆ. ಹಳೆಯ ವರ್ಗದಲ್ಲಿ ಹಿಂದುಳಿದವನು ಕೂಗಿನಲ್ಲಿ ಮರೆಯಾಗುತ್ತಿದ್ದನು. ಹೊಸ ವರ್ಗದಲ್ಲಿ ಗುಂಪಿನಲ್ಲಿ ಮರೆಯಾಗಬಹುದು. ಆರು ತಿಂಗಳಾದರೂ ರ, ಗ, ಸಗಳ ಮೆಟ್ಟಿಲಲ್ಲಿಯೇ ಕುಳಿತ ಮಗುವನ್ನು ಕಂಡು 'ಅದರ ವೇಗವೇ ಅಷ್ಟು' ಎನ್ನುವುದು ಸ್ವಾತಂತ್ರ್ಯವಲ್ಲ, ಉಪೇಕ್ಷೆ. ಸ್ವಂತ ವೇಗವೆಂದರೆ ಒಂಟಿಯಾಗಿ ಬಿಡುವುದಲ್ಲ. ನಿಧಾನವಾಗಿ ನಡೆಯುವವನ ಬಳಿಯಲ್ಲಿ ಶಿಕ್ಷಕನು ಹೆಚ್ಚು ಹೊತ್ತು ಕೂಡುವುದು. ಏಣಿಯು ಮರದ್ದಾಗಲಿ ಕಾಗದದ್ದಾಗಲಿ, ಅದು ತಾನಾಗಿ ಯಾರನ್ನೂ ಹತ್ತಿಸುವುದಿಲ್ಲ. ಹತ್ತಿಸುವುದು ಶಿಕ್ಷಕನ ಕಣ್ಣು. ನಮ್ಮ ಲೇಖನದ ತಿರುಳು ಇಷ್ಟೇ.

ಆದರೆ ಆ ಕಣ್ಣನ್ನು ನಾವು ಎಲ್ಲಿಗೆ ತಿರುಗಿಸಿದ್ದೇವೆ? ಒಳ್ಳೆಯ ಪದ್ಧತಿಯೊಂದು ಸರಕಾರದ ಆಜ್ಞೆಯಾಗಿ ಊರೂರಿಗೆ ಹರಡಿದಾಗ ಅದರ ಜೀವವು ಆರಿ ಕಾಗದವು ಉಳಿಯುವುದು ಆಡಳಿತದ ಹಳೆಯ ರೋಗ. ಹೆಗ್ಗಡದೇವನಕೋಟೆಯ ಶಿಕ್ಷಕನು ಕಾರ್ಡನ್ನು ತಾನೇ ಬರೆದಿದ್ದನು, ಆದುದರಿಂದ ಹರಿದರೆ ಮತ್ತೆ ಬರೆಯಬಲ್ಲವನಾಗಿದ್ದನು. ಅಚ್ಚಾಗಿ ಬಂದ ಕಾರ್ಡನ್ನು ಪಡೆದವನು ಹರಿದ ಕಾರ್ಡಿನ ಬದಲಿಗೆ ಮುಂದಿನ ವರ್ಷದ ದಾರಿ ಕಾಯುತ್ತಾನೆ. ಏಣಿಯ ನಡುವಿನ ನಾಲ್ಕು ಕಾರ್ಡುಗಳಿಲ್ಲದಿದ್ದರೆ ಮಗುವು ಹತ್ತುವುದು ಹೇಗೆ? ತಪಾಸಣೆಗೆ ಬಂದ ಅಧಿಕಾರಿಯು ಪ್ರಗತಿಯ ಪಟ್ಟಿ ತುಂಬಿದೆಯೇ ಎಂದು ನೋಡಿದರೆ ಶಿಕ್ಷಕನು ಪಟ್ಟಿಯನ್ನು ತುಂಬುತ್ತಾನೆ. ಮಗುವು ಓದುತ್ತದೆಯೇ ಎಂದು ನೋಡಿದರೆ ಮಗುವಿಗೆ ಓದಿಸುತ್ತಾನೆ. ಚುನಾವಣೆಯ ಯಾದಿ, ಜನಗಣತಿ, ಸಭೆ, ವರದಿಗಳಿಗೆ ಶಿಕ್ಷಕನನ್ನು ಎಳೆದೊಯ್ದ ದಿನ ಮೂರು ಇಯತ್ತೆಗಳ ಏಣಿಯೂ ಒಮ್ಮೆಲೇ ಕುಸಿಯುತ್ತದೆ. ಪಾಠಪುಸ್ತಕದ ವರ್ಗದಲ್ಲಿ ಶಿಕ್ಷಕನಿಲ್ಲದಿದ್ದರೂ ಮಗುವಿನ ಕೈಯಲ್ಲಿ ಪುಸ್ತಕವಾದರೂ ಉಳಿಯುತ್ತದೆ; ಇಲ್ಲಿ ಶಿಕ್ಷಕನೇ ಪದ್ಧತಿಯ ಪ್ರಾಣ.

ಆದ್ದರಿಂದ ನಾವು ಸರಕಾರಕ್ಕೆ ಹೇಳುವುದು ಮೂರು ಮಾತು. ಮೊದಲನೆಯದು: ಕೆಳಗಿನ ಮೂರು ಇಯತ್ತೆಗಳ ಶಿಕ್ಷಕನನ್ನು ಶಾಲೆಯ ದಿನಗಳಲ್ಲಿ ಬೇರೆ ಯಾವ ಕೆಲಸಕ್ಕೂ ಕರೆಯಕೂಡದು, ಹೊಸದಾಗಿ ಬಂದ, ತರಬೇತಿಯಿಲ್ಲದ ಶಿಕ್ಷಕನನ್ನು 'ಸಣ್ಣ ಮಕ್ಕಳಲ್ಲವೇ' ಎಂದು ಅಲ್ಲಿಗೆ ನೂಕುವ ರೂಢಿಯನ್ನು ಬಿಡಬೇಕು. ಶಾಲೆಯ ಅತ್ಯುತ್ತಮ ಶಿಕ್ಷಕನು ಒಂದನೆಯ ಇಯತ್ತೆಯಲ್ಲಿರಬೇಕು. ಎರಡನೆಯದು: ಕಾರ್ಡುಗಳ ಪೂರ್ಣ ಗುಚ್ಛವು ಜೂನ್ ತಿಂಗಳ ಮೊದಲನೆಯ ವಾರದಲ್ಲಿಯೇ ಶಾಲೆಯಲ್ಲಿರಬೇಕು; ಹರಿದುದನ್ನು ಅಲ್ಲಿಯೇ ಬರೆದುಕೊಳ್ಳಲು ಕಾಗದವೂ ಸಣ್ಣ ಮೊಬಲಗೂ ಶಿಕ್ಷಕನ ಕೈಯಲ್ಲಿರಬೇಕು. ಮೂರನೆಯದು: ಪಟ್ಟಿಗಳನ್ನು ಅರ್ಧಕ್ಕಿಳಿಸಬೇಕು. ಕೇಂದ್ರ ಸರಕಾರವು ೨೦೨೧ರ ಜುಲೈಯಲ್ಲಿ 'ನಿಪುಣ ಭಾರತ'ವೆಂಬ ಯೋಜನೆಯನ್ನು ಆರಂಭಿಸಿ, ಮೂರನೆಯ ಇಯತ್ತೆ ಮುಗಿಸುವ ಪ್ರತಿ ಮಗುವೂ ೨೦೨೬-೨೭ರೊಳಗಾಗಿ ಓದು, ಬರೆಹ, ಲೆಕ್ಕಗಳನ್ನು ಬಲ್ಲುದಾಗಬೇಕೆಂಬ ಗುರಿಯನ್ನು ಇಟ್ಟಿತು. ಗುರಿಯು ಶ್ಲಾಘ್ಯವು, ಆದರೆ ಗುರಿಯನ್ನು ಮುಟ್ಟುವುದು ಮಗುವಿನ ಬಳಿ ಕುಳಿತ ಶಿಕ್ಷಕನ ಗಂಟೆಗಳಿಂದ, ರಾಜಧಾನಿಗೆ ಕಳಿಸಿದ ಅಂಕಿಗಳಿಂದಲ್ಲ.

ತಪಾಸಣೆಗೆ ಹೋಗುವ ಅಧಿಕಾರಿಗಳಿಗೆ ನಮ್ಮ ಬಿನ್ನಹವೂ ಸರಳವಾದುದು. ವರ್ಗಕ್ಕೆ ಹೋದೊಡನೆ ರಜಿಸ್ಟರನ್ನು ಕೇಳಬೇಡಿರಿ. ಏಣಿಯ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿರುವ ಮಗುವು ಯಾವುದು ಎಂದು ಕೇಳಿರಿ. ಶಿಕ್ಷಕನು ಕಾಗದವನ್ನು ನೋಡದೆ ಆ ಮಗುವಿನ ಹೆಸರನ್ನು ಹೇಳಿ, ಅದು ಅಲ್ಲಿಯೇ ನಿಂತ ಕಾರಣವನ್ನೂ ಹೇಳಿದನೆಂದರೆ ಆ ಶಾಲೆಯು ನಡೆಯುತ್ತಿದೆ ಎಂದು ತಿಳಿದು ನಿಶ್ಚಿಂತರಾಗಿ ಮುಂದಿನ ಊರಿಗೆ ಹೋಗಿರಿ. ಹೇಳಲಾರದಿದ್ದರೆ, ಎಲ್ಲ ಪಟ್ಟಿಗಳು ಪೂರ್ಣವಾಗಿದ್ದರೂ, ಅಲ್ಲಿಯೇ ಕುಳಿತುಕೊಳ್ಳಿರಿ.

ಪೌರರೂ ಕೈ ಕಟ್ಟಿ ಕೂಡ್ರುವ ಕಾರಣವಿಲ್ಲ. ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕೆಂದು ಶಾಸನವೇ ವಿಧಿಸಿದೆ. ಆ ಸಮಿತಿಯು ಗೋಡೆಗೆ ಬಣ್ಣ ಬಳಿಸುವುದರಲ್ಲಿಯೂ ಧ್ವಜವಂದನೆಯ ದಿನ ಮಿಠಾಯಿ ಹಂಚುವುದರಲ್ಲಿಯೂ ತನ್ನ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. ತಿಂಗಳಿಗೊಮ್ಮೆ ಒಂದನೆಯ ಇಯತ್ತೆಯ ಚಾಪೆಯ ಮೇಲೆ ಕುಳಿತು, ಪ್ರತಿ ಮಗುವಿನ ಬಾಯಿಂದ ನಾಲ್ಕು ಶಬ್ದಗಳನ್ನು ಓದಿಸಿ ಕೇಳಲಿ. ಅದಕ್ಕೆ ಹಣ ಬೇಡ, ಆಜ್ಞೆ ಬೇಡ, ಪಾಂಡಿತ್ಯವೂ ಬೇಡ. ಒಂದು ಗಂಟೆಯ ಹೊತ್ತು ಸಾಕು. ಎಲ್ಲ ಮಕ್ಕಳೂ ಅರಸ, ಅಗಸ ಎಂದು ಓದುವ ಶಾಲೆಯ ಹತ್ತನೆಯ ಇಯತ್ತೆಯ ಫಲಿತಾಂಶಕ್ಕಾಗಿ ಯಾರೂ ಒಂಬತ್ತು ವರ್ಷ ಚಿಂತಿಸಬೇಕಾಗಿಲ್ಲ.